ಹೊನ್ನಕ್ಕ ನೀರು ಕುಡಿಯದ ಬೇಸಿಗೆ

ಕಾರವಾರದ ಆದಿತ್ಯವಾರದ ಸಂತೆಯಲ್ಲಿ ಕಳೆದ ವಾರ ಅಂಕೋಲೆ ಕಡೆಯ ಹೆಂಗಸೊಬ್ಬಳು ಹಸಿ ಶೇಂಗಾ ರಾಶಿ ಹಾಕಿಕೊಂಡು ಕೂತಿದ್ದಳು. ಬೆಳಿಗ್ಗೆಯಷ್ಟೇ ಕಿತ್ತದ್ದಿರಬೇಕು, ಕಾಯಿಗೆ ಮೆತ್ತಿದ ಮಣ್ಣು ಇನ್ನೂ ಆರಿರಲಿಲ್ಲ. ಹಸಿ ಬೇರು, ಮರಳು ಮಣ್ಣು, ಬಿಸಿಲಿಗೆ ಬಾಡಿದ ಎಲೆ ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ನನ್ನ ಕಾಲು ಅಲ್ಲೇ ನಿಂತಿತು. "ಎಷ್ಟು ಕೊಡ್ಲಿ ಬಾಯಿ?" ಎಂದು ಅವಳು ಎರಡು ಸಲ ಕೇಳಿದಳು. ಏನೂ ಕೊಳ್ಳದೆ ಮುಂದೆ ನಡೆದೆ. ಸದಾಶಿವಗಡದ ಬಸ್ಸು ಕಾಳಿ ಸೇತುವೆ ದಾಟುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತೆ, ಪಕ್ಕದವರಿಗೆ ನನ್ನ ಕಣ್ಣು ಕಾಣಬಾರದೆಂದು.

ನಾನು ಆರೋಗ್ಯ ಇಲಾಖೆಯಲ್ಲಿ ಕೆಲಸ ಮಾಡುವವಳು. ಊರವರ ಬಾಯಲ್ಲಿ ಸಿಸ್ಟರ್. ಕೆಲವು ವರ್ಷಗಳ ಹಿಂದೆ ಅಗಸೂರು ಕಡೆಯ ಒಂದು ಉಪಕೇಂದ್ರಕ್ಕೆ ನನಗೆ ವರ್ಗವಾಯಿತು. ಅಲ್ಲಿ ಒಂಟಿ ಹುಡುಗಿಗೆ ಹೊಂದುವಂಥ ಮನೆ ಸಿಗಲಿಲ್ಲ. ಅಂಕೋಲೆ ಪೇಟೆಗೆ ತಾಗಿದ ಬೊಬ್ರುವಾಡದಲ್ಲಿ ಒಂದು ಕೋಣೆ ಹಿಡಿದು, ದಿನಾ ಸ್ಕೂಟರಿನಲ್ಲಿ ಅಗಸೂರಿಗೆ ಹೋಗಿ ಬರತೊಡಗಿದೆ. ಕೋಣೆಯ ಯಜಮಾನತಿಯೇ ಹೊನ್ನಮ್ಮ, ಎಲ್ಲರ ಬಾಯಲ್ಲಿ ಹೊನ್ನಕ್ಕ. ಐವತ್ತು ದಾಟಿದ, ತೆಳ್ಳಗಿನ, ಒಂದು ಕಡೆ ಕೂತು ಗೊತ್ತಿಲ್ಲದ ಹೆಂಗಸು. ಗಂಡ ಬೀರಣ್ಣ ಅಂಕೋಲೆಯ ಕಚೇರಿಯೊಂದರಲ್ಲಿ ಜವಾನ. ಒಬ್ಬಳೇ ಮಗಳನ್ನು ಕುಮಟೆಗೆ ಕೊಟ್ಟಿದ್ದರು. ಗಂಡನ ಸಂಬಳ ಬರುತ್ತಿದ್ದರೂ ಹೊನ್ನಕ್ಕ ಗದ್ದೆ ಕೆಲಸ ಬಿಟ್ಟಿರಲಿಲ್ಲ. ನೆಟ್ಟಿಗೆ, ಕೊಯ್ಲಿಗೆ, ಚಳಿಗಾಲ ಕಳೆದ ಮೇಲೆ ಶೇಂಗಾ ಕೀಳುವುದಕ್ಕೆ ಊರಿನ ಆರೇಳು ಹೆಂಗಸರು ಒಟ್ಟಾಗಿ ಹೋಗುತ್ತಿದ್ದರು. ಅವರಿಗೆ ಹೊನ್ನಕ್ಕನೇ ಮುಂದಾಳು. ಅವಳು ಸಾಲು ಹಿಡಿದರೆ ಉಳಿದವರು ಹಿಂದೆ ಬೀಳುತ್ತಿದ್ದರು ಎಂದು ಜತೆಯ ಗುಲಾಬಿ ಹೇಳುತ್ತಿದ್ದಳು.

ಮೊದಮೊದಲು ಮರ್ಯಾದೆಗೆ ನನ್ನನ್ನು "ಬಾಯಿ" ಎನ್ನುತ್ತಿದ್ದವಳು ಎರಡು ತಿಂಗಳಲ್ಲಿ "ತಂಗಿ" ಎನ್ನತೊಡಗಿದಳು. ನಾನು ಕೆಲಸದಿಂದ ಬರುವಷ್ಟರಲ್ಲಿ ಬಾಗಿಲ ಹತ್ತಿರ ಒಂದು ಬಟ್ಟಲಲ್ಲಿ ಏನಾದರೂ ಮುಚ್ಚಿಟ್ಟಿರುತ್ತಿದ್ದಳು. ಒಂದು ಸಂಜೆ ಸುಮ್ಮನೆ ಕೈಗೆ ಪಟ್ಟಿ ಕಟ್ಟಿ ನೋಡಿದಾಗ ಅವಳ ಬಿಪಿ ಬಹಳ ಹೆಚ್ಚಿತ್ತು. ನಾನೇ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಅವರು ಕೊಟ್ಟ ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚು ಹೋಗುವಂತೆ ಮಾಡುವಂಥದ್ದು. "ಒಂದು ದಿನವೂ ತಪ್ಪಿಸಬೇಡಿ ಹೊನ್ನಕ್ಕಾ" ಎಂದು ಗಟ್ಟಿಯಾಗಿ ಹೇಳಿದವಳು ನಾನು. ಅವಳು ತಪ್ಪಿಸಲಿಲ್ಲ.

ಆ ವರ್ಷ ಮಾರ್ಚ್ ಅರ್ಧಕ್ಕೇ ಸೆಖೆ ಏರಿತು. ಕರಾವಳಿಯ ಸೆಖೆ ಘಟ್ಟದ ಮೇಲಿನ ಬಿಸಿಲಿನಂಥದ್ದಲ್ಲ. ಮೊಬೈಲಿನಲ್ಲಿ ತೋರಿಸುವ ಅಂಕೆ ನೋಡಿದರೆ ದೊಡ್ಡದೇನೂ ಅನ್ನಿಸುವುದಿಲ್ಲ. ಆದರೆ ಗಾಳಿಯಲ್ಲೇ ನೀರು ತುಂಬಿಕೊಂಡಿರುವಾಗ ಮೈಯ ಬೆವರು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದೂ ಇಲ್ಲ. ಆ ದಿನಗಳಲ್ಲಿ ಮೈ ಒರೆಸಿದ ಟವೆಲ್ಲು ಹಗ್ಗದ ಮೇಲೇ ಒದ್ದೆಯಾಗಿ ತೂಗುತ್ತಿತ್ತು. ಸಮುದ್ರದ ಕಡೆಯಿಂದ ಮಧ್ಯಾಹ್ನ ಬರಬೇಕಾದ ಗಾಳಿಯೂ ಬರಲಿಲ್ಲ. ಅಂಗಳದ ನಾಯಿ ಬಾವಿಕಟ್ಟೆಯ ಕೆಸರಿನಲ್ಲಿ ಹೊಟ್ಟೆ ಊರಿ ಮಲಗಿದ್ದು ಏಳುತ್ತಲೇ ಇರಲಿಲ್ಲ.

ಮನೆಮನೆಗೆ ಹಂಚಲು ನಮಗೆ ಕರಪತ್ರ ಬಂತು. ಹನ್ನೆರಡರಿಂದ ಮೂರರವರೆಗೆ ಬಿಸಿಲಿಗೆ ಹೋಗಬೇಡಿ. ಬಾಯಾರಿಕೆ ಆಗದಿದ್ದರೂ ನೀರು ಕುಡಿಯುತ್ತಿರಿ. ಗಂಜಿ ತಿಳಿ, ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ತಲೆನೋವು, ಕಾಲಿನ ಸೆಳೆತ ಬಂದರೆ ಕೆಲಸ ನಿಲ್ಲಿಸಿ ನೆರಳಿಗೆ ಬನ್ನಿ. ಮಾತು ತೊದಲಿದರೆ, ಮೈ ಕಾದು ಸುಡುತ್ತಿದ್ದರೆ ಆಂಬುಲೆನ್ಸಿಗೆ ಫೋನು ಮಾಡಿ, ಅದು ಬರುವ ತನಕ ಕಾಯದೆ ಮೈಗೆ ನೀರು ಹಾಕಿ. ಅಗಸೂರಿನ ಜಗಲಿ ಜಗಲಿಯಲ್ಲಿ ಕೂತು ಇದನ್ನೇ ಓದಿ ಓದಿ ನನಗೆ ಬಾಯಿಪಾಠವಾಗಿತ್ತು. ಸದಾಶಿವಗಡದಲ್ಲಿದ್ದ ನನ್ನ ಅಮ್ಮನಿಗೂ ಫೋನಿನಲ್ಲಿ ಕೊಂಕಣಿಯಲ್ಲಿ ಅದನ್ನೇ ಒಪ್ಪಿಸಿದ್ದೆ.

ಒಂದು ಸಂಜೆ ಹೊನ್ನಕ್ಕ ಅಂಗಳದಲ್ಲಿ ಬೇಯಿಸಿದ ಶೇಂಗಾ ಸುಲಿಯುತ್ತ ಕೂತಿದ್ದಳು. ಅವಳಿಗೂ ಒಂದು ಕರಪತ್ರ ಕೊಟ್ಟು ಕೇಳಿದೆ: "ಗದ್ದೆಗೆ ಎಷ್ಟು ನೀರು ತಕಂಡು ಹೋಗ್ತೀರಿ ಹೊನ್ನಕ್ಕಾ?"

"ಒಂದು ಬಾಟ್ಲಿ ಒಯ್ತೆ."

"ಕುಡ್ದು ಮುಗಿಸ್ತೀರಾ?"

ಅವಳು ನಕ್ಕಳು. "ಬಾಯಿ ಒದ್ದೆ ಮಾಡ್ಕಂತೆ ಅಷ್ಟೇ."

"ಅಷ್ಟು ಏನೇನೂ ಸಾಲೂದಿಲ್ಲ. ಗಂಟೆಗೆ ಎರಡು ಲೋಟ ಆದ್ರೂ ಕುಡೀಬೇಕು."

"ಕುಡ್ದ್ರೆ ಎಲ್ಲಿಗೆ ಹೋಗೂದು, ತಂಗಿ?"

ನನಗೆ ಮೊದಲು ಅರ್ಥವಾಗಲಿಲ್ಲ. ಅವಳು ಒಳಗೆ ಬೀರಣ್ಣ ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ಇಳಿಸಿದಳು. "ಮಾಸ್ತರ ಗದ್ದೆ ನೀ ನೋಡಿದ್ಯಲ್ಲ. ಈ ಬದಿಗೆ ರಸ್ತೆ. ಆ ಬದಿಗೆ ಹೊಸಾ ಕಟ್ಟಡ, ಅದ್ರ ಮೇಲೆ ದಿನಾ ಗಂಡಸರು ನಿಂತಿರ್ತಾರೆ. ಮೊದ್ಲು ಒಂದು ಕೇದಿಗೆ ಹಿಂಡು ಇತ್ತು, ಅದ್ರ ಮರೆಗೆ ಹೋಗ್ತಿದ್ವು, ರಸ್ತೆ ಅಗಲ ಮಾಡುವಾಗ ಅದನ್ನೂ ಕಡ್ದ್ರು. ಮನೆಗೆ ಬಂದು ಹೋಗೂಕೆ ಅರ್ಧ ತಾಸು ಬೇಕು. ಹೀಂಗಾಗಿ ನಾವು ಏಳು ಜನಾನೂ ಬೆಳಿಗ್ಗೆ ಚಾ ಸೈತ ಅರ್ಧ ಲೋಟ ಕುಡ್ದು ಹೋಗೂದು. ನಿನ್ನ ಮಾತ್ರೆ ಬೇರೆ ತಕಂತೆನಲ್ಲ, ಅದ್ರ ದೆಸೆಯಿಂದ ನಾ ಇನ್ನೂ ಕಡ್ಮೆ ಕುಡೀಬೇಕು."

ನಾನು ಕೈಯಲ್ಲಿದ್ದ ಕರಪತ್ರ ನೋಡಿದೆ. ಅದರಲ್ಲಿ ಛತ್ರಿ ಹಿಡಿದ ಹೆಂಗಸಿನ ಚಿತ್ರವಿತ್ತು. ಹೊನ್ನಕ್ಕನ ಪ್ರಶ್ನೆಗೆ ಒಂದು ಸಾಲೂ ಇರಲಿಲ್ಲ.

"ಆದ್ರೂ ಕುಡೀರಿ" ಎಂದೆ. ಅಷ್ಟೇ ಹೇಳಿದ್ದು ನಾನು. ಇಂಥ ಸೆಖೆಯಲ್ಲಿ ಆ ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಕೇಳಬೇಕು ಎಂದು ಮನಸ್ಸಿಗೆ ಬಂತು. ಸೋಮವಾರ ಕೇಳಿದರಾಯಿತು ಎಂದುಕೊಂಡೆ. ಸೋಮವಾರ ಲಸಿಕೆಯ ಲೆಕ್ಕ ಕೊಡುವುದರಲ್ಲಿ ಹೋಯಿತು, ಮಂಗಳವಾರ ಇನ್ನೊಂದರಲ್ಲಿ.

"ಇವ್ರ ಹತ್ರ ಇದೆಲ್ಲ ಹೇಳ್ಬೇಡ ಹಾಂ" ಎಂದಿದ್ದಳು ಹೊನ್ನಕ್ಕ ಆ ಸಂಜೆ, ಬೀರಣ್ಣನ ಸೈಕಲ್ಲಿನ ಸದ್ದು ಕೇಳಿದಾಗ.

ಮುಂದಿನ ವಾರ ಆಕಾಶದಲ್ಲಿ ಮೋಡ ಕಟ್ಟತೊಡಗಿತು. ಮಳೆ ಬರುವುದಿಲ್ಲ, ಸೆಖೆ ಮಾತ್ರ ಇಮ್ಮಡಿ. ಶೇಂಗಾ ಬೆಳೆದವರಿಗೆ ಈ ಮೋಡ ಕಂಡರೆ ಎದೆ ಹೊಡೆದುಕೊಳ್ಳುತ್ತದೆ. ಬಲಿತ ಕಾಯಿ ಮಣ್ಣಲ್ಲಿರುವಾಗ ಮಳೆ ಬಿದ್ದರೆ ಅಲ್ಲೇ ಮೊಳಕೆಯೊಡೆದು ಬೆಳೆಯೆಲ್ಲ ಹಾಳು. ಗದ್ದೆಯ ಒಡೆಯರು ನಿವೃತ್ತ ಶಾಲಾ ಮಾಸ್ತರರು, ಕೂಲಿ ಹೆಂಗಸರನ್ನು ಮನೆಯವರಂತೆ ನೋಡುವ ಮನುಷ್ಯ. ಬಿಸಿಲು ಏರಿದಾಗಿನಿಂದ ಅವರೇ ಹನ್ನೆರಡಕ್ಕೆ ಕೆಲಸ ನಿಲ್ಲಿಸಿ, ಮೂರೂವರೆಗೆ ಮತ್ತೆ ಶುರು ಮಾಡಿಸುತ್ತಿದ್ದರು. ಮೋಡ ಕಂಡ ಮೇಲೆ ಹೆಂಗಸರೇ, "ಎರಡು ದಿನ ನಡುವೆ ಬಿಡದೆ ಕಿತ್ತು ಮುಗಿಸ್ತ್ವು ನಾವು" ಎಂದರಂತೆ.

ಮೊದಲ ದಿನ ಸಂಜೆ ಹೊನ್ನಕ್ಕ ಬಂದವಳು ಜಗಲಿಯ ಕಂಬಕ್ಕೆ ಒರಗಿ ಕೂತಳು. ತಲೆ ಸಿಡಿಯುತ್ತದೆ ಎಂದಳು. ಕಾಲಿನ ಮೀನಖಂಡ ಹಿಡಿದುಕೊಂಡಿತ್ತು. ಮೂತ್ರ ಚಹಾದ ಬಣ್ಣದ್ದಾಗಿದೆ ಎಂದು ನಾನು ಕೇಳಿದ ಮೇಲೆ ಹೇಳಿದಳು. ಓಆರ್‌ಎಸ್ ಕಲಸಿ ಎದುರು ಕೂತು ಒಂದು ದೊಡ್ಡ ಲೋಟ ಕುಡಿಸಿದೆ. ಇನ್ನೆರಡು ಪೊಟ್ಟಣ ಕೈಗೆ ಕೊಟ್ಟೆ.

"ನಾಳೆ ಹೋಗ್ಬೇಡಿ ಹೊನ್ನಕ್ಕಾ. ಇದು ಸೆಖೆ ತಾಗಿದ್ದೇ."

"ನಾಳೆ ಒಂದಿನ, ತಂಗಿ. ಎಂಟು ಸಾಲು ಉಳ್ದದೆ. ನಾ ಹೋಗದಿದ್ರೆ ಗುಲಾಬಿ ಮೇಲೆ ಬೀಳ್ತದೆ ಎಲ್ಲಾ. ಅವಳಿಗೆ ಮೊದ್ಲೇ ಸೊಂಟ ನೋವು."

"ಹಾಂಗಾದ್ರೆ ನಾಳೆ ಬೆಳಿಗ್ಗೆ ನಂಗೆ ತೋರಿಸಿ ಹೋಗಿ."

ಬೆಳಿಗ್ಗೆ ಏಳುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಬಾಗಿಲ ಹತ್ತಿರದ ಬಟ್ಟಲಲ್ಲಿ ನನಗೆಂದು ಎರಡು ದೋಸೆ ಇದ್ದವು. ಗದ್ದೆಗೆ ಹೋಗಿ ಅವಳನ್ನು ಕರೆತರಬಹುದಿತ್ತು. ಡಾಕ್ಟರಿಗೆ ಒಂದು ಫೋನಾದರೂ ಮಾಡಬಹುದಿತ್ತು. ಆ ದಿನ ಅಗಸೂರಿನ ಅಂಗನವಾಡಿಯಲ್ಲಿ ಲಸಿಕೆ ಇತ್ತು. ತಾಯಂದಿರು ಬಿಸಿಲು ಏರುವ ಮೊದಲೇ ಬರಲಿ ಎಂದು ನಾನೇ ಎಂಟು ಗಂಟೆಗೆ ಕರೆದಿದ್ದೆ. ದೋಸೆ ತಿಂದು ಸ್ಕೂಟರು ಹತ್ತಿದೆ.

ಒಂದೂವರೆಗೆ ಗುಲಾಬಿಯ ಫೋನು ಬಂತು. ಅವಳ ದನಿ ಗುರುತೇ ಸಿಗಲಿಲ್ಲ.

"ಸಿಸ್ಟರ್, ಹೊನ್ನಕ್ಕ ಏನೇನೋ ಮಾತಾಡ್ತಾಳೆ. ಮಗಳನ್ನ ಕರೀತಾಳೆ. ನನ್ನ ಗುರ್ತು ಹಿಡೀತಿಲ್ಲ. ಪಿತ್ತ ಏರಿದ್ದಾ ಹೇಳಿ ಈರುಳ್ಳಿ ಮೂಸಿಸಿದ್ವು."

"ಯಾವಾಗಿಂದ?"

"ಅರ್ಧ ತಾಸಾಯ್ತು. ಮಲ್ಗಿಸಿದ್ರೆ ಸರಿ ಆಗ್ತಾಳೆ ಅಂದ್ಕಂಡ್ವು."

"ಮೈ ಮುಟ್ಟಿ ನೋಡು."

ಬಳೆಯ ಸದ್ದು ಕೇಳಿತು. ಆಮೇಲೆ, "ಕಾವಲಿ ಹಾಂಗೆ ಕಾದದೆ ಸಿಸ್ಟರ್."

"ಗುಲಾಬಿ, ನಾ ಹೇಳಿದ್ದು ಮಾಡು. ಪಂಪು ಶುರು ಮಾಡ್ಸು, ತಲೆಯಿಂದ ಕಾಲಿನ ತನಕ ನೀರು ಹಾಕ್ತಾ ಇರು. ಗಾಳಿ ಹಾಕೂಕೆ ಒಬ್ಬರು ನಿಲ್ಲಿ. ಬಾಯಿಗೆ ಏನೂ ಹಾಕ್ಬೇಡಿ, ಗಂಟಲಿಗೆ ಸಿಕ್ಕಿಬಿಡ್ತದೆ. ನಾ ಆಂಬುಲೆನ್ಸಿಗೆ ಹೇಳ್ತೆ."

ಹಿಂದಿನಿಂದ ಯಾರೋ ವಯಸ್ಸಾದ ಹೆಂಗಸಿನ ದನಿ ಕೇಳಿಸಿತು: "ಕಾದ ಮೈಗೆ ತಣ್ಣೀರು ಹಾಕೂದೇ? ಸನ್ನಿ ಹಿಡೀತದೆ."

"ಏನೂ ಆಗೂದಿಲ್ಲ, ಹಾಕಿ" ಎಂದು ಕೂಗಿ ಫೋನಿಟ್ಟೆ. ಆಂಬುಲೆನ್ಸಿಗೆ ಗದ್ದೆಯ ಗುರುತು ಹೇಳಿದೆ. ಅಂಗನವಾಡಿಯ ಟೀಚರಿಗೆ ಲಸಿಕೆಯ ಪೆಟ್ಟಿಗೆ ಒಪ್ಪಿಸಿ ಹೊರಟೆ. ಹುಬ್ಬಳ್ಳಿ ರಸ್ತೆಯಲ್ಲಿ ಲಾರಿಗಳ ಹಿಂದೆ ಹೇಗೆ ಬಂದೆನೋ ನನಗೆ ನೆನಪಿಲ್ಲ.

ಗದ್ದೆಯ ಮೂಲೆಯ ಗೇರು ಮರದ ಕೆಳಗೆ ಅವಳನ್ನು ಮಲಗಿಸಿದ್ದರು. ಪಂಪು ಓಡುತ್ತಿತ್ತು. ಆದರೆ ನೀರು ಹಾಕಿದ್ದು ಮುಖಕ್ಕೆ ಮತ್ತು ಅಂಗಾಲಿಗೆ ಮಾತ್ರ. ಉಳಿದ ಮೈಗೆ, ಉಟ್ಟ ಸೀರೆಯ ಮೇಲೆ ಮತ್ತೊಂದು ದಪ್ಪ ಬಟ್ಟೆ ಸುತ್ತಿದ್ದರು. ಹೊರಳಾಡಿ ಸೆರಗು ಜಾರಿತ್ತಂತೆ. ರಸ್ತೆಯಲ್ಲಿ ಹೋಗುವ ಬೈಕುಗಳು ನಿಂತು ನಿಂತು ನೋಡುತ್ತಿದ್ದವು. ಎದುರಿನ ಕಟ್ಟಡದ ಮೇಲಿನ ಗಂಡಸರು ಕೆಲಸ ಬಿಟ್ಟು ಇತ್ತ ನೋಡುತ್ತಿದ್ದರು. ಆ ಹೆಂಗಸರು ತಮ್ಮ ಹೊನ್ನಕ್ಕನ ಮಾನ ಕಾಪಾಡಿದ್ದರು. ಆ ಬಟ್ಟೆಯೊಳಗೆ ಅವಳು ಬೇಯುತ್ತಿದ್ದಳು.

ಬಟ್ಟೆ ಎಳೆದು ಬಿಸಾಡಿದೆ. ರವಿಕೆಯ ಗುಂಡಿ ಬಿಚ್ಚಿದೆ. ಗುಲಾಬಿ ಕ್ಷಣ ತಡೆದವಳು, ಆಮೇಲೆ ಆ ಬಟ್ಟೆಯನ್ನೇ ಎತ್ತಿ ಇನ್ನೊಬ್ಬಳ ಕೈಗೆ ಒಂದು ತುದಿ ಕೊಟ್ಟು ರಸ್ತೆಗೆ ಅಡ್ಡ ಹಿಡಿದಳು. ಉಳಿದವರೂ ಸುತ್ತ ನಿಂತರು. ಪೈಪಿನ ನೀರನ್ನು ಕುತ್ತಿಗೆಗೆ, ಕಂಕುಳಿಗೆ, ತೊಡೆಗೆ ಬಿಡುತ್ತ ಹೋದೆ. ಮಾಸ್ತರರು ದೂರದಲ್ಲಿ ಬೆನ್ನು ತಿರುಗಿಸಿ ನಿಂತು, ಆಂಬುಲೆನ್ಸು ಬಂತೇ ಎಂದು ರಸ್ತೆ ನೋಡುತ್ತಿದ್ದರು. ಹೊನ್ನಕ್ಕನ ಕಣ್ಣು ಅರ್ಧ ತೆರೆದಿತ್ತು. ನನ್ನ ಕಡೆಗೇ ಇತ್ತು, ನನ್ನನ್ನು ನೋಡುತ್ತಿರಲಿಲ್ಲ.

ಅಂಕೋಲೆಯಲ್ಲಿ ಡಾಕ್ಟರು ಮಂಜುಗಡ್ಡೆ ಇಟ್ಟು, ಸಲಾಯಿನ್ ಹಚ್ಚಿ, ಮಾಡುವುದನ್ನೆಲ್ಲ ಮಾಡಿದರು. ಸಂಜೆ ಕಾರವಾರಕ್ಕೆ ಕಳಿಸಿದರು. ಮೈಯ ಕಾವು ಇಳಿಯಿತು, ಆದರೆ ಅಷ್ಟರಲ್ಲಿ ಮೂತ್ರಪಿಂಡ, ಯಕೃತ್ತು ಎಲ್ಲಕ್ಕೂ ಪೆಟ್ಟು ಬಿದ್ದಾಗಿತ್ತು. ಕುಮಟೆಯಿಂದ ಮಗಳು ಬಂದು ಕೈ ಹಿಡಿದು ಕೂತಳು. ಮೂರನೆಯ ದಿನ ಬೆಳಿಗ್ಗೆ ಹೊನ್ನಕ್ಕ ಹೋದಳು. ತಡವಾಯಿತು ಎಂದು ಅಲ್ಲಿ ಯಾರೂ ನನ್ನ ಎದುರು ಹೇಳಲಿಲ್ಲ. ಸೆಖೆ ತಲೆಗೇರಿದಾಗ ಮೊದಲ ಅರ್ಧ ತಾಸಿನಲ್ಲಿ ಮೈ ತಣಿಸುವುದೇ ಜೀವ ಉಳಿಸುವುದು ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆ ಮಳೆ ಬರಲೇ ಇಲ್ಲ. ಮೋಡ ಕರಗಿ ಹೋಯಿತು.

ಶವ ಮನೆಗೆ ತಂದ ದಿನ ಮಾಸ್ತರರು ಅಂಗಳದ ತುದಿಯಲ್ಲಿ ನಿಂತಿದ್ದರು. ನನ್ನನ್ನು ಕಂಡು ಹತ್ತಿರ ಬಂದರು. "ಹನ್ನೊಂದಕ್ಕೆ ಒಂದು ಕೊಡ ಮಜ್ಜಿಗೆ ತಕಂಡು ಹೋಗಿದ್ದೆ ಸಿಸ್ಟರ್. ಉಪ್ಪು, ಮೆಣ್ಸು ಎಲ್ಲಾ ಹಾಕಿ. ಎಲ್ಲರೂ ಒಂದೊಂದು ಗುಟುಕು ಕುಡ್ದು ಇಟ್ರು. ನಮ್ಮನೆ ಮಜ್ಜಿಗೆ ಸೇರಲಿಲ್ಲವೇನೋ ಅಂದ್ಕಂಡೆ." ನಲವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ಮನುಷ್ಯ ನನ್ನ ಉತ್ತರಕ್ಕೆ ಕಾದು ನಿಂತಿದ್ದರು. ಅಲ್ಲಿ, ಅಷ್ಟು ಜನರ ನಡುವೆ, ನನ್ನಿಂದ ಹೇಳಲಾಗಲಿಲ್ಲ.

ಹನ್ನೆರಡನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಒಂದು ಸಂಜೆ ಬೀರಣ್ಣ ನನ್ನ ಬಾಗಿಲಿಗೆ ಬಂದರು. ಒಳಗೆ ಬರಲಿಲ್ಲ, ಮೆಟ್ಟಿಲ ಮೇಲೆ ಕೂತರು.

"ಸಿಸ್ಟರ್, ಒಂದು ಕೇಳೂದಿತ್ತು. ನೀರು ಕುಡಿ ಹೇಳಿ ನೀವು ಅವಳಿಗೆ ಹೇಳ್ತಿದ್ರಿ. ನಾನೂ ಕೇಳಿದ್ದೆ. ಗದ್ದೇಲಿ ಪಂಪಿನ ನೀರು ಬೇಕಾದಷ್ಟು ಅದೆ. ಮಾಸ್ತರ ಮಜ್ಜಿಗೆ ತಂದಿದ್ರಂತೆ. ಎಲ್ಲಾ ಇದ್ದೂ ಅವಳು ಎಂತಕ್ಕೆ ಕುಡೀಲಿಲ್ಲ?"

ಹೇಳಬೇಡ ಎಂದು ಅವಳು ಅಂದದ್ದು ನೆನಪಾಯಿತು. ಹೇಳಿದೆ. ರಸ್ತೆ, ಕಟ್ಟಡ, ಕಡಿದು ಹೋದ ಕೇದಿಗೆ ಹಿಂಡು, ಅರ್ಧ ಲೋಟ ಚಹಾ. ನಾನು ಕೊಡಿಸಿದ ಮಾತ್ರೆಯ ವಿಷಯವನ್ನೂ, ಡಾಕ್ಟರ ಹತ್ತಿರ ಕೇಳುವುದನ್ನು ದಿನದಿಂದ ದಿನಕ್ಕೆ ಮುಂದೆ ಹಾಕಿದ್ದನ್ನೂ ಹೇಳಿದೆ.



"ಮೂವತ್ತೊಂದು ವರ್ಷ ಸಂಸಾರ ಮಾಡ್ದೆ" ಎಂದರು ಬೀರಣ್ಣ. "ಒಂದಿನ ಹೇಳ್ಲಿಲ್ಲ ಅವಳು."

"ನಾಚ್ಕೆ ಬೀರಣ್ಣಾ. ಹೇಳ್ಬೇಡ ಅಂದಿದ್ರು."

"ಅಲ್ಲ, ನಾನೂ ಕೇಳ್ಲಿಲ್ಲ. ನಮ್ಮ ಆಫೀಸಲ್ಲಿ ನಾ ಕೂರೂದೇ ಸಂಡಾಸ ಬಾಗಿಲ ಹತ್ರ. ಒಂದಿನ ನಂಗೆ ತಲೆಗೆ ಬರ್ಲಿಲ್ಲ, ಅವಳು ಎಲ್ಲಿಗೆ ಹೋಗ್ತಾಳೆ ಹೇಳಿ."

ಮಾತ್ರೆಯ ಬಗ್ಗೆ ಅವರು ಏನೂ ಅನ್ನಲಿಲ್ಲ. ನಾನು ಕಾದೆ. ಅವರು ಎದ್ದು ಹೋದರು. ಅದನ್ನು ಅವರು ಮನ್ನಿಸಿದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಅದಾಗಿ ಒಂದು ವರ್ಷ ಅದೇ ಕೋಣೆಯಲ್ಲಿದ್ದೆ. ಅವರು ಆ ಮಾತೆತ್ತಲಿಲ್ಲ, ನನಗೆ ಕೇಳುವ ಧೈರ್ಯವಾಗಲಿಲ್ಲ. ಈಗ ಬೇಸಿಗೆ ಬಂದರೆ ಬಿಪಿ ಮಾತ್ರೆ ನುಂಗುವ ಪ್ರತಿಯೊಬ್ಬರನ್ನೂ ಡಾಕ್ಟರ ಹತ್ತಿರ ಕಳಿಸಿ, ಮಾತ್ರೆ ಹಾಗೇ ಇರಲೋ ಬದಲಿಸಬೇಕೋ ಕೇಳಿಸುತ್ತೇನೆ. ಹೆಂಗಸರಿಗೆ ನೀರು ಕುಡಿಯಿರಿ ಎನ್ನುವ ಮೊದಲು, ಕೆಲಸದ ಜಾಗದಲ್ಲಿ ಎಲ್ಲಿಗೆ ಹೋಗುತ್ತೀರಿ ಎಂದು ಕೇಳುತ್ತೇನೆ. ಹೆಚ್ಚಿನವರು ಮೊದಲು ತಲೆ ತಗ್ಗಿಸುತ್ತಾರೆ, ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡತೊಡಗುತ್ತಾರೆ.

ಮೆಟ್ಟಿಲ ಮೇಲೆ ಕೂತು ಮಾತಾಡಿದ ಮರುದಿನ ಬೀರಣ್ಣ ಕಚೇರಿಗೆ ಹೋಗಲಿಲ್ಲ. ಮನೆಯ ಹಿಂದಿನ ತೆಂಗಿನ ಗರಿಯ ಮಡಲುಗಳನ್ನು ನೀರಲ್ಲಿ ನೆನೆಹಾಕಿ, ಎರಡು ದಿನ ಅಂಗಳದಲ್ಲಿ ಕೂತು ಮರೆಯ ತಟ್ಟಿಗಳನ್ನು ಹೆಣೆದರು. ಮಾಸ್ತರರ ಗದ್ದೆಯಲ್ಲಿ ತಡವಾಗಿ ಬಿತ್ತಿದ ಒಂದು ಪಟ್ಟಿ ಶೇಂಗಾ ಇನ್ನೂ ನೆಲದಲ್ಲಿತ್ತು. ಅದರ ಮೂಲೆಯಲ್ಲಿ ಬಿದಿರು ನೆಟ್ಟು, ನಾಲ್ಕೂ ಕಡೆ ತಟ್ಟಿ ಕಟ್ಟಿದರು. ಮಾಸ್ತರರು ಹಗ್ಗ ಹಿಡಿದುಕೊಂಡು ನಿಂತಿದ್ದರು. ಏನು ಮಾಡುತ್ತಿದ್ದೇವೆ ಎಂದು ಇಬ್ಬರೂ ಬಾಯಿಬಿಟ್ಟು ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಒಳಗೆ ಒಂದು ಗುಂಡಿ, ಎರಡು ಕಲ್ಲು, ಒಂದು ಬಕೆಟ್ ನೀರು.

ಆ ಶೇಂಗಾ ಕೀಳುವ ದಿನ ನನಗೆ ರಜೆಯಿತ್ತು, ನಾನೂ ಹೋಗಿ ಗೇರು ಮರದ ಕೆಳಗೆ ಕೂತೆ. ಆರು ಜನ ಹೆಂಗಸರು ಬಂದರು. ತಟ್ಟಿಯ ಕಡೆ ಯಾರೂ ನೇರ ನೋಡಲಿಲ್ಲ. ಎಂಟಾಯಿತು, ಒಂಬತ್ತಾಯಿತು. ಯಾರೂ ಹೋಗಲಿಲ್ಲ, ಯಾರೂ ನೀರೂ ಕುಡಿಯಲಿಲ್ಲ. ಬೀರಣ್ಣ ಬದುವಿನ ಮೇಲೆ ನಿಂತು ಅದನ್ನೆಲ್ಲ ನೋಡುತ್ತಿದ್ದರು. ಆಮೇಲೆ ಏನೋ ಹೊಳೆದವರಂತೆ ಮಾಸ್ತರರ ತೋಳು ಹಿಡಿದು ರಸ್ತೆಯ ಅಂಚಿಗೆ ಕರೆದುಕೊಂಡು ಹೋದರು. ಇಬ್ಬರೂ ಗದ್ದೆಗೆ ಬೆನ್ನು ಹಾಕಿ, ಹೋಗಿ ಬರುವ ವಾಹನಗಳನ್ನು ನೋಡುತ್ತ ಅಲ್ಲೇ ನಿಂತರು.

ಗುಲಾಬಿ ಸಾಲಿನಿಂದ ಎದ್ದಳು. ಕೈಯ ಮಣ್ಣು ಕೊಡವಿ, ಸೆರಗು ಸರಿ ಮಾಡಿಕೊಂಡು, ಯಾರಿಗೂ ಏನೂ ಹೇಳದೆ ತಟ್ಟಿಯ ಹಿಂದೆ ಹೋದಳು. ಬಂದವಳು ಗೇರು ಮರದ ಕೆಳಗಿಟ್ಟಿದ್ದ ನೀರಿನ ಕೊಡದ ಹತ್ತಿರ ಕೂತು ಒಂದು ತಂಬಿಗೆ ನೀರು ಎತ್ತಿ ಗಟಗಟ ಕುಡಿದಳು. ಮತ್ತೊಂದು ತುಂಬಿದಳು. ಅದನ್ನು ಬಾಯಿಯ ತನಕ ಒಯ್ದವಳು ಕುಡಿಯಲಾಗದೆ ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅಳತೊಡಗಿದಳು.